ಬಾಡಿಗೆ ಲೆಕ್ಕ ಬಿಟ್ಟು ಅಣ್ಣನ ಮನೆಗೆ ಹೋದದ್ದು: ನನ್ನ ಅನುಭವ

ಒಂಬತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣ ಕಳೆದ ಈಸ್ಟರ್‌ಗೆ ನಮ್ಮ ಮನೆಗೆ ಬಂದು ಊಟ ಮಾಡಿದ. 'ಹಕ್ಕು ಬಿಟ್ಟುಕೊಟ್ಟರೆ ತಲೆ ಮೇಲೆ ಕೂರುತ್ತಾನೆ, ಸುಮ್ನೆ ಇರಿ' ಅಂದಿದ್ದ ನಮ್ಮ ಧರ್ಮಕೇಂದ್ರದವರೇ, ಅಂದರೆ ನಮ್ಮ ಚರ್ಚಿನವರೇ, ಈಗ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ನೀವೂ ಪ್ರಾರ್ಥನಾ ಕೂಟ ನಡೆಸುವವರು, ಮನೆಮನೆಗೆ ಹೋಗಿ ಜಗಳ ಬಿಡಿಸುವವರು. ಕ್ಷಮೆ ಅಂದರೇನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಡೆದದ್ದನ್ನು ಹೇಳುತ್ತೇನೆ.

ಲಿಂಗರಾಜಪುರದಲ್ಲಿ ಅಪ್ಪ ಕಟ್ಟಿಸಿದ ಮನೆ, 30-40 ಸೈಟು. ವಿಲ್ ಬರೆಯದೆ ಅಪ್ಪ ತೀರಿಕೊಂಡರು. ಕೆಳಗೆ ಅಣ್ಣ, ಅತ್ತಿಗೆ, ಅಮ್ಮ. ಮೇಲಿನ ಮನೆಯ ಬಾಡಿಗೆ ಪೂರ್ತಿ ಅಣ್ಣನ ಕೈಗೆ. ತಂಗಿಗೂ ನನಗೂ ಕಾಸು ಬರಲಿಲ್ಲ. ಕೇಳಿದ್ದಕ್ಕೇ ಮಾತು ನಿಂತಿತು.

ಮೊದಲು ಒಂದು ಧ್ಯಾನಕೂಟದಲ್ಲಿ ನಮ್ಮಿಬ್ಬರನ್ನು ವೇದಿಕೆಗೆ ಕರೆದು ಅಪ್ಪಿಕೊಳ್ಳಿ ಅಂದರು. ಅಪ್ಪಿಕೊಂಡು ಅತ್ತೆವು. ಬಂದವರೂ ಅತ್ತರು. ಎರಡು ವಾರ ಚೆನ್ನಾಗಿತ್ತು. ತಿಂಗಳ ಬಾಡಿಗೆ ಬಂದ ದಿನ ಮತ್ತೆ ಶುರು. ಆಮೇಲೆ ಚರ್ಚಿನ ಸ್ವಾಮಿಯವರೂ (ಪಾದ್ರಿಗಳು) ಹಿರಿಯರಿಬ್ಬರೂ ಅಣ್ಣನ ಮನೆಗೆ ಹೋಗಿ ಬುದ್ಧಿ ಹೇಳಿದರು. ಬೀದಿಯವರ ಮುಂದೆ ಮಾನ ಹೋಯಿತು ಅಂತ ಅಣ್ಣ ಭಾನುವಾರದ ಬಲಿಪೂಜೆಗೇ (ಮಾಸ್) ಬೇರೆ ಚರ್ಚ್ ಹಿಡಿದ. ಕೊನೆಗೆ ಪಾರ್ಟಿಷನ್ ಕೇಸು. ನೋಟಿಸು, ವಕೀಲರು, ಓಡಾಟ ಅಂತ ಒಂದೂವರೆ ಲಕ್ಷದ ಹತ್ತಿರ ಹೋಯಿತು. ಸಿಕ್ಕಿದ್ದು ಬರೀ ತಾರೀಖು.

ಬೈಬಲಿನ ಮತ್ತಾಯ 18:15-17 ಎಲ್ಲರಿಗೂ ಗೊತ್ತು. ತಪ್ಪು ಮಾಡಿದ ಸಹೋದರನ ಹತ್ತಿರ ಮೊದಲು ನೀನೊಬ್ಬನೇ ಹೋಗು. ಕೇಳದಿದ್ದರೆ ಒಂದಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಆಗದಿದ್ದರೆ ಸಭೆಗೆ ಹೇಳು. ನಾವೆಲ್ಲ ಮಾಡುವುದು ತಲೆಕೆಳಗು: ಸಭೆಯಿಂದ ಶುರು. ಒಬ್ಬನೇ ಹೋಗುವ ಮೆಟ್ಟಿಲನ್ನು ಯಾರೂ ಹತ್ತುವುದಿಲ್ಲ, ಯಾಕಂದರೆ ಅದೇ ಕಷ್ಟದ್ದು.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾದ ಬೂದಿ ಬುಧವಾರ ಒಂದು ನೋಟ್‌ಬುಕ್ ತಗೊಂಡು ಕೂತೆ. ಅಣ್ಣ ನನಗೆ ಎಷ್ಟು ಕೊಡಬೇಕು ಅಂತ ಬರೆದೆ. ಕ್ಷಮಿಸುವುದಕ್ಕೆ ಮುಂಚೆ ಲೆಕ್ಕ ಯಾಕೆ ಅಂತ ಹೆಂಡತಿ ಕೇಳಿದಳು. ಅದೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮತಿಯಲ್ಲಿ (ನೀತಿಕಥೆ) ಸಾಲದ ಮೊತ್ತ ಇದೆಯಲ್ಲ: ನೂರು ದಿನಾರಿ. ಒಂದು ದಿನಾರಿ ಒಂದು ದಿನದ ಕೂಲಿ. ಇವತ್ತು ಗಾರೆ ಕೆಲಸದ ಹೆಲ್ಪರ್‌ಗೆ ದಿನಕ್ಕೆ 800 ರೂಪಾಯಿ ಹಿಡಿದರೂ 80 ಸಾವಿರ ಆಯಿತು. ಯೇಸು ಅದನ್ನು ಚಿಲ್ಲರೆ ಸಾಲ ಅನ್ನಲಿಲ್ಲ. ಅರಸನಿಂದ ಹತ್ತು ಸಾವಿರ ತಲಾಂತು, ಅಂದರೆ ತೀರಿಸಲಾಗದಷ್ಟು ದೊಡ್ಡ ಸಾಲ, ಮನ್ನಾ ಆದವನು ಜೊತೆ ಕೆಲಸದವನ ಆ ನೂರಕ್ಕೆ ಕುತ್ತಿಗೆ ಹಿಡಿದ, ಅಷ್ಟೇ. ಎಷ್ಟು ಅಂತ ಗೊತ್ತಿಲ್ಲದೆ ಮನ್ನಾ ಮಾಡಿದರೆ ಅದು ಬಾಯಿಮಾತಾಗುತ್ತೆ.

ಮೇಲಿನ ಮನೆಯ ಬಾಡಿಗೆ ತಿಂಗಳಿಗೆ 11 ಸಾವಿರ, ಒಂಬತ್ತು ವರ್ಷ. ಸುಮಾರು 12 ಲಕ್ಷ. ಅಷ್ಟೂ ವರ್ಷ ನನ್ನ ತಲೆಯಲ್ಲಿ ಕುದಿಯುತ್ತಿದ್ದದ್ದು ಈ 12 ಲಕ್ಷವೇ. ಆದರೆ ಕ್ರೈಸ್ತರಾದ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ವಿಲ್ ಇಲ್ಲದಿದ್ದರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಮಕ್ಕಳಿಗೆ ಸಮ, ಗಂಡು ಹೆಣ್ಣು ಭೇದ ಇಲ್ಲ. ಹಾಗೆ ಹಾಕಿದರೆ ನನಗೆ ಬರಬೇಕಾದ ಬಾಡಿಗೆ ಎರಡೂವರೆ ಲಕ್ಷ ಚಿಲ್ಲರೆ. ಆ ಸಾಲಿನ ಮೇಲೆ ಗೆರೆ ಎಳೆದು ತಾರೀಖು ಹಾಕಿ ಸಹಿ ಮಾಡಿದೆ. ತಂಗಿಯ ಸಾಲು, ಅಮ್ಮನ ಸಾಲು ಮುಟ್ಟಲಿಲ್ಲ. ಅವರಿಗೆ ಬರಬೇಕಾದದ್ದನ್ನು ಕ್ಷಮಿಸುವುದಕ್ಕೆ ನಾನ್ಯಾರು? ಹಿರಿಯರು ಎಡವುವುದು ಇಲ್ಲೇ. ಅಣ್ಣತಮ್ಮಂದಿರು ಒಂದಾದರು ಅಂತ ಕೇಕ್ ಕತ್ತರಿಸುತ್ತಾರೆ, ಹೆಣ್ಣುಮಗಳ ಪಾಲು ಆ ಸಂತೋಷದಲ್ಲಿ ಕರಗಿ ಹೋಗುತ್ತೆ.

ಇದರ ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಶುಕ್ರವಾರದ ಉಪವಾಸದಿಂದ ನನ್ನ ಸಿಟ್ಟು ಜಾಸ್ತಿಯಾಯಿತು, ಬಿಟ್ಟೆ. ವಾಟ್ಸಾಪ್‌ನಲ್ಲಿ ಕುಟುಂಬದ ಗ್ರೂಪ್ ಮಾಡಿ ದಿನಾ ವಾಕ್ಯ ಹಾಕಿದೆ. ಅಣ್ಣ ಅದನ್ನು ಚುಚ್ಚುಮಾತು ಅಂದುಕೊಂಡು ಹೊರಗೆ ಹೋದ. ಕೈ ಹಿಡಿದದ್ದು ಜಪಸರ. ರಾತ್ರಿ ಎಂಟಕ್ಕೆ ಅಮ್ಮನಿಗೆ ಫೋನು ಮಾಡಿ ಒಟ್ಟಿಗೆ ಜಪ. ಅಮ್ಮನಿಗೆ ಕಿವಿ ಮಂದ, ಸ್ಪೀಕರ್ ಹಾಕಲೇಬೇಕು. ಪ್ರತಿ ಹತ್ತು ಮಣಿಯ ಕೊನೆಗೆ ಅಣ್ಣನ ಹೆಸರು, ಅತ್ತಿಗೆ ಹೆಸರು, ಅವನ ಅಂಗಡಿ. ಅಣ್ಣ ಅದೇ ಕೋಣೆಯಲ್ಲಿ ಊಟಕ್ಕೆ ಕೂರುತ್ತಾನೆ ಅಂತ ನನಗೆ ಗೊತ್ತಿತ್ತು.

ಆಮೇಲೆ ಅಂಗಡಿಗೆ ಹೋದೆ. ಮೋಟಾರ್ ವೈಂಡಿಂಗ್ ಅಂಗಡಿ. ಕೈಯಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದ, ತಲೆ ಎತ್ತಲಿಲ್ಲ.

"ಸೈನ್ ಹಾಕಿಸ್ಕೊಳ್ಳೋಕೆ ಬಂದ್ಯಾ?"

ನೋಟ್‌ಬುಕ್ ತೆರೆದು ಮುಂದೆ ಇಟ್ಟೆ. ಗೆರೆ ಎಳೆದ ಸಾಲನ್ನು ಎರಡು ಸಲ ಓದಿದ.

"ಯಾವ ಲಾಯರ್ ಹೇಳ್ಕೊಟ್ಟಿದ್ದು ಇದು?"

ಯಾರೂ ಇಲ್ಲಣ್ಣ ಅಂದು ಎದ್ದು ಬಂದೆ. ಇನ್ನೊಂದು ಸಲ ಹೋದಾಗಲೂ ಅಷ್ಟೇ. ಅದಾದ ಮೇಲಿನ ಸಲ ಸ್ಟೂಲ್ ಎಳೆದು ಹಾಕಿದ. "ತಂಗಿದು ಯಾಕೆ ಹಂಗೇ ಬಿಟ್ಟಿದ್ದೀಯ?" ಅಂತ ಅವನೇ ಕೇಳಿದ. ಅಲ್ಲಿಂದ ಕೆಲಸ ಸಲೀಸಾಯಿತು. ಬಾಗಿಲಲ್ಲಿ ಮೊದಲು ಆಡಬೇಕಾದ ಒಂದು ಮಾತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬಂದು ಕೇಳಿದರೆ ಮನೆಯ ಪರಿಸ್ಥಿತಿ ನೋಡಿ ಹೇಳುತ್ತೇನೆ.

ಮನೆಯ ಪಾಲು ಮಾತ್ರ ಕಾಗದದ ಮೇಲೇ ಆಗಬೇಕು ಅಂತ ಹಟ ಹಿಡಿದೆ. ಕೇಸನ್ನು ಮಧ್ಯಸ್ಥಿಕೆಗೆ ಕಳಿಸಿ ಅಂತ ಎರಡೂ ಕಡೆಯಿಂದ ಕೇಳಿಕೊಂಡೆವು. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ 2007ರಿಂದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಇದೆ. ಅಲ್ಲಿ ನಮಗೆ ಫೀಸು ತಗುಲಲಿಲ್ಲ. ತಂಗಿಯ ಪಾಲಿಗೆ ಅಣ್ಣ ಸಾಲ ಮಾಡಿ ಕಂತಿನಲ್ಲಿ ಕೊಡುತ್ತಿದ್ದಾನೆ. ಅವಳು ಇನ್ನೂ ಅವನ ಜೊತೆ ಜಾಸ್ತಿ ಮಾತಾಡುವುದಿಲ್ಲ. ಅವಳನ್ನು ಯಾರೂ ಅವಸರ ಮಾಡಬೇಡಿ ಅಂದಿದ್ದೇನೆ.

ಹೊಡೆಯುವ ಗಂಡ ಇರುವ ಮನೆಗೆ ಈ ದಾರಿ ಹಿಡಿಯಬೇಡಿ. ಅಲ್ಲಿ ಒಬ್ಬಳೇ ಹೋಗಮ್ಮ, ಕ್ಷಮಿಸಮ್ಮ ಅನ್ನುವುದು ಪಾಪ. ಮೊದಲು ಅವಳನ್ನು ಹೊರಗೆ ತನ್ನಿ. ತುರ್ತಿಗೆ 112 ಇದೆ, ಮಹಿಳಾ ಸಹಾಯವಾಣಿ 181 ಇದೆ.

ಅಣ್ಣ ಬಂದ ಮೇಲೆ ಐದಾರು ಮನೆಗಳಲ್ಲಿ ಕೂತಿದ್ದೇನೆ. ಜಾಸ್ತಿ ಕಡೆ ಕೆಲಸ ಆಗಿದೆ. ಈಗ ಕಮ್ಮನಹಳ್ಳಿಯ ಅಕ್ಕತಂಗಿಯರದ್ದು, ಅಮ್ಮನ ಒಡವೆ ವಿಷಯ. ಒಡವೆ ಪಟ್ಟಿ ಬರೆದಾಗಿದೆ. ಒಬ್ಬರೇ ಹೋಗಲು ಅಕ್ಕ ಒಪ್ಪಿದ್ದಾರೆ. ಆದರೆ ಸೆಪ್ಟೆಂಬರ್ 8ರ ಶಿವಾಜಿನಗರದ ಮಾತೆ ಮರಿಯಮ್ಮನ ಹಬ್ಬ ಮುಗಿಯಲಿ ಅನ್ನುತ್ತಾರೆ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಹೋಗಿ ಒಂದಾಗು ಅಂತ ಮತ್ತಾಯ 5ರಲ್ಲಿ ಇದೆಯಲ್ಲಮ್ಮ, ಆಗಸ್ಟ್ 29ಕ್ಕೆ ಹಬ್ಬದ ಬಾವುಟ ಏರುವ ಮುಂಚೆನೇ ಹೋಗಿಬನ್ನಿ ಅಂತ ನಾನು ಹೇಳುತ್ತಿದ್ದೇನೆ.