ಅಟ್ಟದ ಮೇಲಿನ ಕೊಳಗಕ್ಕೆ ಪುಣೆಯಲ್ಲಿ ಕಲಾಯಿ ಹಾಕಿಸುವುದು ಹೇಗೆ

ಪುಣೆಯ ಎಷ್ಟೋ ಕನ್ನಡ ಮನೆಗಳ ಅಟ್ಟದ ಮೇಲೆ ಒಂದು ಗೋಣಿಚೀಲ ಇರುತ್ತದೆ. ಒಳಗೆ ಅಜ್ಜಿಯ ತಾಮ್ರದ ಕೊಳಗ, ಹಿತ್ತಾಳೆ ಬೋಗುಣಿ, ಹಿಡಿ ಸಡಿಲಾದ ಒಂದು ಸೌಟು. ಧಾರವಾಡದಿಂದಲೋ ಕಲಬುರಗಿಯಿಂದಲೋ ಸಾಮಾನಿನ ಲಾರಿಯಲ್ಲಿ ಬಂದದ್ದು, ಬಂದ ದಿನದಿಂದ ಕೆಳಗೆ ಇಳಿದಿಲ್ಲ. ಮಾರೋಕೆ ಮನಸ್ಸಿಲ್ಲ, ಬಳಸೋಕೆ ಗೊತ್ತಿಲ್ಲ. ನಮ್ಮ ಮನೆಯಲ್ಲೂ ಹಾಗೇ ಇತ್ತು. ಅದನ್ನು ಒಲೆಗೆ ತರಲು ನಾನು ಏನೇನು ಮಾಡಿದೆ, ಎಲ್ಲೆಲ್ಲಿ ಎಡವಿದೆ, ಎಲ್ಲ ಇಲ್ಲಿದೆ.

ಮೊದಲು ಚೀಲ ಬಿಚ್ಚಿ ಯಾವುದು ಯಾವ ಲೋಹ ಅಂತ ನೋಡಿಕೊಳ್ಳಿ. ಕೆಂಪಗಿದ್ದರೆ ತಾಮ್ರ, ಹಳದಿಯಾಗಿದ್ದರೆ ಹಿತ್ತಾಳೆ. ಕಂಚು ಸ್ವಲ್ಪ ಮಂಕು ಬಣ್ಣ, ಬೆರಳಿನಿಂದ ತಟ್ಟಿದರೆ ಗಂಟೆಯ ಹಾಗೆ ಉದ್ದಕ್ಕೆ ನಾದ ಬರುತ್ತದೆ, ಕೆಳಗೆ ಬಿದ್ದರೆ ಒಡೆಯುತ್ತದೆ. ಕಂಚಿನ ಗಂಗಾಳಕ್ಕೆ ಕಲಾಯಿ (ಒಳಮೈಗೆ ಹಾಕುವ ತವರದ ಲೇಪ) ಬೇಡ, ತೊಳೆದು ಊಟಕ್ಕೆ ಇಡಬಹುದು. ಆಮೇಲೆ ಫ್ರಿಡ್ಜಿನ ಬಾಗಿಲಿಗೆ ಅಂಟಿಸಿರುವ ಮ್ಯಾಗ್ನೆಟ್ ತಂದು ಹಿಡಿಯಿರಿ. ತಾಮ್ರ, ಹಿತ್ತಾಳೆ, ಕಂಚು ಯಾವುದಕ್ಕೂ ಅದು ಅಂಟುವುದಿಲ್ಲ. ಅಂಟಿತು ಅಂದರೆ ಒಳಗೆ ಕಬ್ಬಿಣ, ಮೇಲೆ ಬರೀ ಬಣ್ಣ.

ಹುಣಸೆಹಣ್ಣು, ಉಪ್ಪು ಹಾಕಿ ಹೊರಗೆ ಉಜ್ಜಿ. ಹುಳಿ ಕಿಲುಬನ್ನು ಕರಗಿಸುತ್ತದೆ, ಹತ್ತು ನಿಮಿಷ ಸಾಕು. ರಾತ್ರಿಯಿಡೀ ನೆನೆಸಿ ಇಡಬೇಡಿ, ಹುಳಿ ಲೋಹವನ್ನೇ ತಿನ್ನುತ್ತದೆ. ಒಳಗಡೆಗೆ ಮಾತ್ರ ಕೈ ಹಾಕೋ ಮುಂಚೆ ಬೆಳಕಿಗೆ ಹಿಡಿದು ನೋಡಿ. ಬೂದು ಬೆಳ್ಳಿ ಬಣ್ಣ ಪೂರ್ತಿ ಇದ್ದರೆ ಹಳೆ ಕಲಾಯಿ ಇನ್ನೂ ಇದೆ. ನಡುವೆ ಕೆಂಪು ಇಣುಕುತ್ತಿದ್ದರೆ ಹೋಗಿದೆ, ಅದರಲ್ಲಿ ಸಾರು, ಮಜ್ಜಿಗೆ, ಹುಳಿ ಯಾವುದೂ ಬೇಡ, ಕಿಲುಬು ಹೊಟ್ಟೆಗೆ ಹೋಗುತ್ತದೆ. ಕೊನೆಗೆ ನೀರು ತುಂಬಿ ಹಳೆ ಪೇಪರಿನ ಮೇಲೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಪೇಪರ್ ಒದ್ದೆಯಾಗಿದ್ದರೆ ಸೋರಿಕೆ ಇದೆ. ಕಲಾಯಿಗೆ ಮುಂಚೆ ಬೆಸುಗೆ ಆಗಬೇಕು, ಇದನ್ನು ಅಂಗಡಿಯವರಿಗೆ ಮೊದಲೇ ಹೇಳಿ.

ಈಗ ಎಲ್ಲಿಗೆ ಹೋಗಬೇಕು? ಕಸಬಾ ಪೇಠದ ತಾಂಬಟ್ ಆಳಿಗೆ. ತಾಂಬಟ ಅಂದರೆ ತಾಮ್ರ ಬಡಿಯುವವನು, ಆಳಿ ಅಂದರೆ ಗಲ್ಲಿ. ಕಸಬಾ ಪೇಠದ ಹೆಸರಲ್ಲೇ ಮೆಟ್ರೋ ಸ್ಟೇಷನ್ ಇದೆ, ಆದರೆ ದೊಡ್ಡ ಹಂಡೆ ಇದ್ದರೆ ರಿಕ್ಷಾನೇ ವಾಸಿ. ಹತ್ತಿರ ಹೋಗಿ ಯಾರನ್ನಾದರೂ ಕೇಳಿ, ಇಲ್ಲವಾದರೆ ಸುಮ್ನೆ ಕಿವಿ ಕೊಡಿ, ಸುತ್ತಿಗೆಯ ಸದ್ದು ದಾರಿ ತೋರಿಸುತ್ತದೆ. ಈ ಕುಟುಂಬಗಳು ಪೇಶ್ವೆಗಳ ಕಾಲದಲ್ಲಿ ಕೊಂಕಣದಿಂದ ಬಂದವು. ಆಗ ಇವರಿಗೆ ದರ್ಬಾರಿನ ಕೆಲಸ ಇತ್ತು, ಬರೀ ಅಡುಗೆ ಪಾತ್ರೆ ಅಲ್ಲ, ನಾಣ್ಯದಂಥ ಕೆಲಸವೂ. 1818ರಲ್ಲಿ ಪೇಶ್ವಾಯಿ ಮುಗಿಯಿತು, ದರ್ಬಾರಿನ ಕೆಲಸವೂ ಹೋಯಿತು, ಹಂಡೆ, ನೀರು ಕಾಯಿಸುವ ಬಂಬ, ಸ್ನಾನದ ನೀರು ತುಂಬಿಡುವ ಘಂಗಾಳ ಇವರ ಹೊಟ್ಟೆ ಹೊರೆದವು. ಪಾತ್ರೆಯ ಮೈ ಮೇಲೆ ಸಾಲಾಗಿ ಕಾಣುವ ಸುತ್ತಿಗೆಯ ಗುಳಿಗಳಿಗೆ ಇಲ್ಲಿ ಮಠಾರ್ ಕಾಮ್ ಅನ್ನುತ್ತಾರೆ. ಅದು ಅಂದಕ್ಕೆ ಮಾತ್ರ ಇರೋದಲ್ಲ, ಬಡಿದಷ್ಟೂ ತಾಮ್ರದ ತಗಡು ಗಡುಸಾಗುತ್ತದೆ, ಪಾತ್ರೆ ಸೊಟ್ಟಗಾಗದೆ ನಿಲ್ಲುತ್ತದೆ.

ಕಾರ್ಖಾನೆ ಇವರನ್ನು ಒಂದೇ ಏಟಿಗೆ ಕೆಡವಲಿಲ್ಲ. ಮೊದಲು ಹಡಗಿನಲ್ಲಿ ಸಿದ್ಧ ತಗಡು ಬಂತು, ಗಟ್ಟಿ ತಾಮ್ರ ಬಡಿದು ತಗಡು ಮಾಡುವ ಕೆಲಸ ಹೋಯಿತು. ಆಮೇಲೆ ಅಲ್ಯೂಮಿನಿಯಂ. 1898ರಲ್ಲಿ ಮದ್ರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಅಲ್ಯೂಮಿನಿಯಂ ಪಾತ್ರೆ ಮಾಡಿಸಲು ಶುರುಮಾಡಿದರು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆ ನಡೆಸಿದವರೂ ಇವರೇ, ಹಾಗಾಗಿ ನಮಗೆ ಹೆಸರು ಪೂರ್ತಿ ಹೊಸದಲ್ಲ. ಹಗುರ, ಅಗ್ಗ, ಎಲ್ಲಕ್ಕಿಂತ ಮುಖ್ಯ ಅಂದರೆ ಕಲಾಯಿಯೇ ಬೇಡ. ಆಮೇಲೆ ಸ್ಟೀಲ್. 1982ರಲ್ಲಿ ಸೇಲಂ ಕಾರ್ಖಾನೆ ಶುರುವಾದ ಮೇಲೆ ಸ್ಟೇನ್‌ಲೆಸ್ ಹಾಳೆ ಇಲ್ಲೇ ಜಾಸ್ತಿ ಸಿಗತೊಡಗಿತು. ಬಂಬದ ಜಾಗಕ್ಕೆ ಗೀಸರ್ ಬಂತು, ಘಂಗಾಳದ ಜಾಗಕ್ಕೆ ಪ್ಲಾಸ್ಟಿಕ್ ಬಕೆಟ್.

ಇಲ್ಲಿ ಒಂದು ಮಾತು ಹೇಳಬೇಕು. ಸ್ಟೀಲ್ ಬಂದಾಗ ನಮ್ಮಮ್ಮನಿಗೆ ಆದ ಖುಷಿ ನಾನು ನೋಡಿದ್ದೇನೆ. ಬೆಳಗಾಗೆದ್ದು ಬೂದಿ, ಹುಣಸೆ ಹಾಕಿ ಹಂಡೆ ತಿಕ್ಕುತ್ತಿದ್ದದ್ದು ಅವಳ ಕೈ, ನಮ್ಮದಲ್ಲ. 'ಆ ಕಾಲ ಎಷ್ಟು ಚೆಂದ' ಅನ್ನೋರು ಸಾಮಾನ್ಯವಾಗಿ ಪಾತ್ರೆ ತಿಕ್ಕಿದವರಲ್ಲ, ಅಲ್ವಾ? ಆದರೆ ಸ್ಟೀಲ್ ಒಂದು ಕೆಲಸ ಸದ್ದಿಲ್ಲದೆ ಮಾಡಿತು. ತಾಮ್ರದ ಪಾತ್ರೆ ಒಮ್ಮೆ ಕೊಂಡರೆ ವ್ಯವಹಾರ ಮುಗಿಯುತ್ತಿರಲಿಲ್ಲ. ವರ್ಷಕ್ಕೆ ಒಂದೆರಡು ಸಲ ಕಲಾಯಿ, ಯಾವಾಗಲೋ ಒಂದು ಬೆಸುಗೆ, ಹಿಡಿಗೆ ಹೊಸ ಮೊಳೆ, ತೀರಾ ಹಳತಾದರೆ ತೂಕಕ್ಕೆ ಕೊಟ್ಟು ಹೊಸದು. ತಾಂಬಟನ ಮನೆ, ಕಲಾಯಿಯವನ ಮನೆ ನಡೆಯುತ್ತಿದ್ದದ್ದು ಈ ರಿಪೇರಿಯ ಮೇಲೆ. ಸ್ಟೀಲ್ ಪಾತ್ರೆ ಕೊಂಡವರು ಅಂಗಡಿಗೆ ಮತ್ತೆ ಹೋಗುವುದೇ ಇಲ್ಲ. ಹಾಗಾಗಿ ಕಸಬು ಉಳಿಸಬೇಕು ಅಂತ ಒಂದು ಹೊಸ ತಾಮ್ರದ ಹೂಜಿ ಕೊಂಡು ಶೋಕೇಸಿನಲ್ಲಿ ಇಟ್ಟರೆ ಆಗುವುದು ಕಡಿಮೆ. ಇರುವ ಪಾತ್ರೆಯನ್ನು ಬಳಸಿ ಸವೆಸಿ, ಮತ್ತೆ ಮತ್ತೆ ಅವರ ಬಾಗಿಲಿಗೆ ಹೋಗಬೇಕು.

ಒಂದೇ ಕೊಳಗ ಹಿಡಿದುಕೊಂಡು ಹೋಗಬೇಡಿ. ನಾನು ಮೊದಲ ಸಲ ಹಾಗೆ ಹೋಗಿದ್ದೆ. ಒಂದು ಪಾತ್ರೆಗೆ ಇದ್ದಿಲು ಹೊತ್ತಿಸೋಕೆ ಯಾರಿಗೆ ಪೂರೈಸುತ್ತದೆ? ನಾಳೆ ಬನ್ನಿ ಅಂದರು. ಎರಡನೇ ಸಲ ನಮ್ಮ ಸೊಸೈಟಿಯ ಆರು ಕನ್ನಡ ಮನೆಗಳವರು ಸೇರಿ ಹದಿನೇಳು ಪಾತ್ರೆ ಒಟ್ಟು ಮಾಡಿದೆವು. ಪ್ರತಿ ಪಾತ್ರೆಯ ತಳಕ್ಕೆ ಮನೆಯ ನಂಬರ್ ಮಾರ್ಕರಿನಲ್ಲಿ ಬರೆದು ಫೋಟೋ ತೆಗೆದೆವು. (ಬೆಂಕಿಗೆ ಮಾರ್ಕರ್ ಹಾರಿಹೋಯಿತು, ಫೋಟೋ ಉಳಿಸಿತು. ಅಜ್ಜಿಯರ ಹೆಸರು ಕೆತ್ತಿಸಿದ್ದ ಪಾತ್ರೆಗಳಿಗೆ ಈ ತಲೆನೋವೇ ಇರಲಿಲ್ಲ. ಕೆತ್ತಿಸೋದು ಯಾಕೆ ಅಂತ ಅವತ್ತು ಗೊತ್ತಾಯಿತು.) ದರ ಪಾತ್ರೆಯ ಅಳತೆ ನೋಡಿ ಹೇಳುತ್ತಾರೆ, ಮೊದಲೇ ಮಾತಾಡಿಕೊಳ್ಳಿ. ಚೌಕಾಸಿ ಜಾಸ್ತಿ ಬೇಡ, ತವರ ಅಗ್ಗದ ಲೋಹವಲ್ಲ.

ತವರದ ಬಗ್ಗೆ ಒಂದು ಎಚ್ಚರ. ಕಲಾಯಿಗೆ ಶುದ್ಧ ತವರವೇ ಬೇಕು, ಸೀಸ ಬೆರೆತದ್ದು ವಿಷ. ಕಡ್ಡಿಯನ್ನು ತೋರಿಸಿ ಅಂತ ಕೇಳಿ, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿ. ಶುದ್ಧ ತವರ ಕಿರ್ ಕಿರ್ ಅಂತ ಅಳುತ್ತದೆ. ಸೀಸ ಬಾಯಿ ಬಿಡುವುದಿಲ್ಲ. ನಾನು ಬಗ್ಗಿಸಿದಾಗ ಕಲಾಯಿಯವರು ನಕ್ಕರು, ಆಮೇಲೆ ತಾವೇ ಇನ್ನೊಂದು ಕಡ್ಡಿ ಕೊಟ್ಟು 'ಇದನ್ನೂ ಕೇಳಿ' ಅಂದರು. ಹಳೆ ಬೆಸುಗೆಯಲ್ಲೂ ಸೀಸ ಇರಬಹುದು. ಪಾತ್ರೆಯ ಒಳಗಡೆ ಅಂಥ ತೇಪೆ ಕಂಡರೆ ತೆಗೆಸಿಬಿಡಿ.

ಪಾತ್ರೆ ಕೊಟ್ಟು ಚಹಾ ಕುಡಿಯೋಕೆ ಹೋಗಬೇಡಿ, ನಿಂತು ನೋಡಿ. ಮೊದಲು ಒಳಗಿನ ಕೊಳೆ ತೆಗೆಯುತ್ತಾರೆ. ಹಿಂದೆ ದೊಡ್ಡ ಹಂಡೆಯಾದರೆ ಮರಳು, ಚಿಂದಿ ಹಾಕಿ ಒಳಗೇ ನಿಂತು, ಗೋಡೆ ಹಿಡಿದು ಸೊಂಟ ತಿರುಗಿಸುತ್ತಾ ಕಾಲಲ್ಲಿ ತಿಕ್ಕುತ್ತಿದ್ದರು. ಮಕ್ಕಳಾಗಿದ್ದಾಗ ನಾವು ಅದನ್ನು ಕುಣಿತ ಅಂದುಕೊಂಡಿದ್ದೆವು. ಇನ್ನು ಬೆಂಕಿ ಊದೋಕೆ ಈಗ ತಿದಿಯ ಜಾಗದಲ್ಲಿ ಬ್ಲೋವರ್ ಇದೆ. ಇದ್ದಿಲ ಕೆಂಡದ ಮೇಲೆ ಕೊಳಗವನ್ನು ಇಕ್ಕಳದಲ್ಲಿ ತಿರುಗಿಸುತ್ತಾರೆ. ತವರದ ಕಡ್ಡಿ ಮುಟ್ಟಿಸಿದರೆ ಅದು ಬೆಣ್ಣೆಯ ಹಾಗೆ ಕರಗಬೇಕು, ಅದಕ್ಕೆ 232 ಡಿಗ್ರಿ ಶಾಖ ಸಾಕು. ಮೇಲೆ ಒಂದು ಚಿಟಿಕೆ ನವಸಾಗರ (ಅಮೋನಿಯಂ ಕ್ಲೋರೈಡ್ ಪುಡಿ). ಬಿಳಿ ಹೊಗೆ ಬುಸ್ಸೆಂದು ಏಳುತ್ತದೆ, ಆಗ ಮುಖ ಹಿಂದೆ ತೆಗೆಯಿರಿ, ಮಕ್ಕಳನ್ನು ದೂರ ಇಡಿ. ನವಸಾಗರ ತಾಮ್ರದ ಮೇಲಿನ ಕಿಲುಬು ಕಳೆದು ತವರ ಹಿಡಿಯುವ ಹಾಗೆ ಮಾಡುತ್ತದೆ. ಹೊಗೆಯೊಳಗೇ ಕೈ ಹೋಗುತ್ತದೆ, ಹತ್ತಿಯ ಉಂಡೆಯಿಂದ ಸರ್ರನೆ ಒಂದು ಸುತ್ತು, ಕಪ್ಪಗಿದ್ದ ತಳ ಬೆಳ್ಳಿಯಾಗಿ ಮೇಲೇರುತ್ತಾ ಬರುತ್ತದೆ. ಆಮೇಲೆ ತಣ್ಣೀರಿಗೆ ಚುಂಯ್. ಒಂದು ಕೊಳಗಕ್ಕೆ ಕೆಲವೇ ನಿಮಿಷ. ಆ ಕೆಲವು ನಿಮಿಷದ ಕೈಯನ್ನು ಕಲಿಯೋಕೆ ಮನೆಯ ಹುಡುಗರು ಯಾರೂ ಬರುತ್ತಿಲ್ಲ ಅಂತ ಅವರು ಹೇಳಿದರು, ಬೇಜಾರಿಲ್ಲದೆ, ಲೆಕ್ಕ ಹೇಳುವ ಹಾಗೆ.

ಮನೆಗೆ ತಂದ ಮೇಲೆ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಬೋಗುಣಿಯನ್ನು ಗ್ಯಾಸಿನ ಮೇಲಿಟ್ಟೆ, ಫೋನ್ ಬಂತು, ಬಾಲ್ಕನಿಗೆ ಹೋದೆ. ವಾಪಸ್ ಬಂದಾಗ ಹೊಸ ಕಲಾಯಿ ತಳದಲ್ಲಿ ಪಾದರಸದ ಹಾಗೆ ಹನಿಹನಿಯಾಗಿ ಓಡಾಡುತ್ತಿತ್ತು. ಖಾಲಿ ಪಾತ್ರೆ ಒಲೆಯ ಮೇಲೆ ಇಡಲೇಬಾರದು, ಮೊದಲು ನೀರು, ಆಮೇಲೆ ಬೆಂಕಿ. ಒಗ್ಗರಣೆಗೆ ಕಬ್ಬಿಣದ ಸೌಟು ಬೇರೆ ಇಟ್ಟುಕೊಳ್ಳಿ. ಬೇಳೆ, ಸಾರು, ಹುಗ್ಗಿ, ಪಾಯಸ ಯಾವುದಾದರೂ ಮಾಡಬಹುದು, ಕಲಾಯಿ ಗಟ್ಟಿ ಇರುವ ತನಕ ಹುಳಿಯ ಭಯವಿಲ್ಲ. ಉಳಿದ ಅಡುಗೆಯನ್ನು ರಾತ್ರಿಗೆ ಬೇರೆ ಪಾತ್ರೆಗೆ ತೆಗೆದುಬಿಡಿ. ಇಂಡಕ್ಷನ್ ಒಲೆ ಈ ಪಾತ್ರೆಗಳನ್ನು ಗುರುತೇ ಹಿಡಿಯುವುದಿಲ್ಲ. ತಳ ದುಂಡಗಿದ್ದರೆ ಗ್ಯಾಸಿಗೆ ಒಂದು ಕಬ್ಬಿಣದ ರಿಂಗ್ ಇಡಿ. ಮರದ ಸೌಟು, ಮೆತ್ತನೆ ಸ್ಪಂಜು. ಸ್ಟೀಲ್ ಜುಂಗು ಎರಡು ವಾರದಲ್ಲಿ ಕಲಾಯಿ ತಿಂದುಹಾಕುತ್ತದೆ, ಇದನ್ನು ಪಾತ್ರೆ ತೊಳೆಯುವ ಮಾವಶಿಗೆ ಮೊದಲ ದಿನವೇ ಹೇಳಿ. ನಾನು ಹೇಳಿದಾಗ ಅವರು 'ನನಗೆ ಹೇಳ್ತೀರಾ, ನಮ್ಮನೇಲೂ ಇತ್ತು' ಅಂದರು.

ಕುಡಿಯುವ ನೀರಿನ ತಾಮ್ರದ ತಂಬಿಗೆಗೆ ಕಲಾಯಿ ಬೇಡ, ಹಾಗೇ ತಿಕ್ಕಿ ಬಳಸಿ. ಈಚೆಗೆ ಅಂಗಡಿಯಲ್ಲಿ ಕೆಲವು ತಾಮ್ರದ ಸಾಮಾನಿಗೆ ಹೊಳಪು ಕಪ್ಪಾಗದ ಹಾಗೆ ಲ್ಯಾಕರ್ ಹೊಡೆದಿರುತ್ತಾರೆ. ಅವು ನೋಡೋಕೆ ಮಾತ್ರ, ನೀರಿಗೂ ಅಡುಗೆಗೂ ಅಲ್ಲ.

ತೀರಾ ತೂತಾಗಿದ್ದರೂ ಗುಜರಿಗೆ ಓಡಬೇಡಿ. ನಾವು ಒಂದು ದೊಡ್ಡ ಹಂಡೆಯನ್ನು ಹೀಗೇ ಒಂದು ಅಂಗಡಿಗೆ ಕೊಟ್ಟು ಸ್ಟೀಲ್ ಡಿನ್ನರ್ ಸೆಟ್ ತಂದಿದ್ದೆವು. ತೂಕದಲ್ಲಿ ಮೋಸವಾಯಿತು ಅಂತ ಅಪ್ಪನಿಗೆ ಕೊನೆಯ ತನಕ ಅನುಮಾನ. ಅಮ್ಮನಿಗೆ ಮಾತ್ರ, ಕಣ್ಣೆದುರಿಗೇ ಅದನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿದ್ದೇ ನೆನಪು. ಮೊದಲು ತಾಂಬಟರಿಗೆ ತೋರಿಸಿ. ತೇಪೆ ಹಾಕಬಹುದೋ ಇಲ್ಲವೋ ಒಂದು ಸಲ ತಟ್ಟಿ ನೋಡಿ ಹೇಳುತ್ತಾರೆ.

ದಿನಾ ಬಳಸಿದರೆ ಆರೇಳು ತಿಂಗಳಿಗೆ ತಳದಲ್ಲಿ ಮತ್ತೆ ಕೆಂಪು ಇಣುಕುತ್ತದೆ. ನಾವು ಸೊಸೈಟಿಯವರು ದಸರೆಗೆ ಮುಂಚೆ ಒಂದು, ಯುಗಾದಿಗೆ ಮುಂಚೆ ಒಂದು ಅಂತ ಎರಡು ಭಾನುವಾರ ಇಟ್ಟುಕೊಂಡಿದ್ದೇವೆ. ಹೋಗುವ ಹಿಂದಿನ ವಾರ ಕಲಾಯಿಯವರಿಗೆ ಫೋನ್ ಮಾಡಿ ಎಷ್ಟು ಪಾತ್ರೆ ಅಂತ ಹೇಳಿಬಿಡಿ, ಇದ್ದಿಲು ತಂದಿಟ್ಟಿರುತ್ತಾರೆ.