ವಿಜಯಪುರದ ಬೇಸಿಗೆಯಲ್ಲಿ ಹವಳದ ಟ್ಯಾಂಕ್: ನನ್ನ ಅನುಭವ

ಮನೆಯಲ್ಲಿ 200 ಲೀಟರಿನ ಸಮುದ್ರದ ಟ್ಯಾಂಕ್ ಇಡಲು ನಿರ್ಧರಿಸಿದಾಗ, ವಿಜಯಪುರದಂಥ ಊರಿಗೆ ಸಮುದ್ರದ ಉಪ್ಪನ್ನು ಎಲ್ಲಿಂದ ತರುವುದು ಎಂಬುದೇ ನನ್ನ ಚಿಂತೆಯಾಗಿತ್ತು. ಉಪ್ಪು ಪಾರ್ಸೆಲ್‌ನಲ್ಲಿ ಬಂದಿತು, ಕಷ್ಟವಾದದ್ದು ಸಿಹಿನೀರು. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿದ ಲವಣಗಳ ಅಳತೆ, 900 ದಾಟಿತ್ತು. ಆರ್‌ಒ ಯಂತ್ರಕ್ಕೆ, ಉಳಿದ ಲವಣಗಳನ್ನೂ ಹಿಡಿದಿಡುವ ಡಿಐ ರೆಸಿನ್‌ನ ಕೊಳವೆಯೊಂದನ್ನು ಜೋಡಿಸಿ, ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ನೀರಿನಲ್ಲಷ್ಟೇ ಉಪ್ಪು ಕರಗಿಸಿದೆ. ಒಂದು ಲೀಟರ್ ಶುದ್ಧ ನೀರಿಗಾಗಿ ಮೂರು ಲೀಟರ್ ಹೊರಗೆ ಹರಿಯುವುದನ್ನು ಕಂಡ ಅವ್ವ, “ಬ್ಯಾಸಿಗ್ಯಾಗ ಮಂದಿಗೇ ಕುಡಿಯಾಕ ನೀರಿಲ್ಲ, ನಿನ್ನ ಮೀನಿಗೆ ಫಿಲ್ಟರ್ ನೀರು ಬೇಕೇನು?” ಎಂದಳು. ಅಂದಿನಿಂದ ಆ ನೀರೆಲ್ಲ ಅಂಗಳ ತೊಳೆಯಲು ಹೋಗುತ್ತಿದೆ.

ಕಲ್ಲುಹವಳಗಳನ್ನು ನಾನು ಸಾಕುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿಯೇ ಅವು ಸೇರಿವೆ. ಸಮುದ್ರ ಬೀಸಣಿಗೆ ಎಂಬ ಹವಳಕ್ಕೂ ಅದೇ ರಕ್ಷಣೆಯಿದೆ. ಹಾಗಾಗಿ ನನ್ನಲ್ಲಿರುವುದು ಜೋವಾಂಥಿಡ್, ಮಶ್ರೂಮ್, ಲೆದರ್ ಎಂಬ ಮೆದು ಜಾತಿಯ ಹವಳಗಳು, ಜೊತೆಗೆ ಹ್ಯಾಚರಿಯಲ್ಲಿ ಹುಟ್ಟಿದ ಒಂದು ಜೋಡಿ ಕ್ಲೌನ್‌ಫಿಶ್. ಮೀನಿಗೆ ವಿಷವಾಗುವ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ, ಅಂದರೆ ಸುಮಾರು ಆರು ವಾರ, ಟ್ಯಾಂಕ್‌ನಲ್ಲಿ ಒಂದು ಜೀವವನ್ನೂ ಬಿಡಲಿಲ್ಲ.

ಏಪ್ರಿಲ್‌ನಲ್ಲಿ ಹೊರಗಿನ ಬಿಸಿಲು 40 ಡಿಗ್ರಿ ದಾಟಿದಾಗ ಟ್ಯಾಂಕ್ ನೀರು 30ಕ್ಕೆ ಏರಿತು. ನೀರು ತಂಪಾಗಿಸುವ ಚಿಲ್ಲರ್ ಯಂತ್ರ ಕೊಳ್ಳುವಷ್ಟು ಹಣವಿರಲಿಲ್ಲ. ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಎರಡು ಸಣ್ಣ ಫ್ಯಾನ್‌ಗಳನ್ನು ಕಟ್ಟಿದೆ, ತಾಪ 27ಕ್ಕೆ ಇಳಿಯಿತು. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ; ಕರಾವಳಿಯ ತೇವದ ಗಾಳಿಯಲ್ಲಿ ಇಷ್ಟು ಸಲೀಸಾಗಿ ಆಗದ ಈ ಕೆಲಸ ನಮ್ಮ ಒಣಗಾಳಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಆದರೆ ಅದರಿಂದ ದಿನಕ್ಕೆ ನಾಲ್ಕು ಲೀಟರ್ ನೀರು ಕಡಿಮೆಯಾಗತೊಡಗಿತು, ಅದನ್ನು ತುಂಬುವಲ್ಲಿಯೇ ನಾನು ಎಡವಿದೆ. ಸಮುದ್ರದ ಟ್ಯಾಂಕ್‌ಗೆ ಸಮುದ್ರದ ನೀರೇ ಬೇಕೆಂದು ಭಾವಿಸಿ, ಹತ್ತು ದಿನ ಉಪ್ಪು ಬೆರೆಸಿದ ನೀರನ್ನೇ ಸುರಿದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕ್‌ನಲ್ಲಿಯೇ ಉಳಿಯುತ್ತದೆ ಎಂಬ ಶಾಲೆಯ ಪಾಠ ಆಗ ನೆನಪಿಗೆ ಬರಲಿಲ್ಲ. ಮೀನುಗಳು ಎಂದಿನಂತೆ ಆಹಾರಕ್ಕೆ ಮೇಲೆ ಬರುತ್ತಿದ್ದುದರಿಂದ ಸಂಶಯವೂ ಬರಲಿಲ್ಲ. ಲೆದರ್ ಹವಳ ಮುದುಡಿಕೊಂಡಿತ್ತು. ಅದು ಆಗಾಗ ಮೇಣದಂಥ ಪೊರೆ ಕಳಚಲು ಕೆಲವು ದಿನ ಹೀಗೆ ಮುದುಡುವುದು ಸಹಜವಾದ್ದರಿಂದ ನಾನು ಸುಮ್ಮನಿದ್ದೆ. ಜೋವಾಂಥಿಡ್‌ಗಳೂ ಬಾಯಿ ಮುಚ್ಚಿದಾಗ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಹಿಡಿದು ನೋಡಿದರೆ, 1.025 ಇರಬೇಕಾದ ನೀರಿನ ಸಾಪೇಕ್ಷ ಸಾಂದ್ರತೆ 1.031 ಆಗಿತ್ತು. ಗಾಬರಿಯಲ್ಲಿ ಒಮ್ಮೆಲೇ ಇಳಿಸಿದ್ದರೆ ಎರಡನೆಯ ಪೆಟ್ಟು ಬೀಳುತ್ತಿತ್ತು. ಆದ್ದರಿಂದ ದಿನಕ್ಕೆ ಐದು ಲೀಟರ್ ತೆಗೆದು ಅಷ್ಟೇ ಶುದ್ಧ ನೀರು ಹಾಕುತ್ತಾ, ಒಂದು ವಾರದಲ್ಲಿ ಹಿಂದಿನ ಮಟ್ಟಕ್ಕೆ ತಂದೆ. ಲೆದರ್ ಮತ್ತೆ ಅರಳಿತು, ಜೋವಾಂಥಿಡ್‌ನ ಒಂದು ಗುಂಪು ಮಾತ್ರ ಕರಗಿಹೋಯಿತು.

ಕರೆಂಟ್ ಹೋದಾಗ ದೀಪದ ಚಿಂತೆ ಮಾಡುವುದಿಲ್ಲ, ಹವಳ ಒಂದು ದಿನದ ಕತ್ತಲನ್ನು ತಾಳುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ ನೀರನ್ನು ತಿರುಗಿಸುವ 10 ವ್ಯಾಟ್‌ನ ಪಂಪನ್ನು ಮಾತ್ರ ಇನ್ವರ್ಟರ್‌ಗೆ ಜೋಡಿಸಿದ್ದೇನೆ.

ಈಗ ಟ್ಯಾಂಕ್‌ನ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆಯಿದೆ, ಕೆಳಗೆ ಎರಡು ಕ್ಯಾನ್‌ಗಳಿವೆ. ಮದುವೆಗೋ ಜಾತ್ರೆಗೋ ಊರು ಬಿಡುವಾಗ ಕೀಲಿಯನ್ನು ಪಕ್ಕದ ಮನೆಯ ಹುಡುಗನಿಗೆ ಕೊಡುತ್ತೇನೆ. ಉಪ್ಪುನೀರಿನ ಕ್ಯಾನನ್ನು ಮಾತ್ರ ಒಳಗಿನ ಕೋಣೆಯಲ್ಲಿಟ್ಟು ಬೀಗ ಹಾಕುತ್ತೇನೆ.