ಮಲೆನಾಡಿನ ಅಣಬೆಗಳನ್ನು ದಾಖಲಿಸುವುದು ಹೇಗೆ?

ಮುಂಗಾರು ಹಿಡಿದರೆ ಮಲೆನಾಡು, ಕರಾವಳಿಯ ಅಣಬೆಗಳ ಚಂದದ ಫೋಟೊಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಬಹಳಷ್ಟನ್ನು ತಜ್ಞರೂ ಪ್ರಭೇದದ ಮಟ್ಟಕ್ಕೆ ಗುರುತಿಸಲಾರರು. ಮೇಲಿನಿಂದ ತೆಗೆದ ಫೋಟೊದಲ್ಲಿ ಕಾಣುವುದು ಟೋಪಿ ಮಾತ್ರ, ಅದರ ಬಣ್ಣವೋ ಒಂದು ಮಳೆಗೇ ತೊಳೆದು ಹೋಗುತ್ತದೆ. ಗುರುತು ಸಿಗುವುದು ಟೋಪಿಯ ಅಡಿಯ ತೆಳು ಹಾಳೆಗಳಂಥ ಕಿವಿರುಗಳಲ್ಲಿ, ಮಣ್ಣೊಳಗಿನ ಬುಡದಲ್ಲಿ, ಉದುರುವ ಬೀಜಕಣಗಳ ಬಣ್ಣದಲ್ಲಿ. ಈ ಮೂರನ್ನೂ ಅಣಬೆ ತಾಜಾ ಇರುವಾಗಲೇ ದಾಖಲಿಸಬೇಕು.

ಮೊದಲಿಗೆ ಜಾಗ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಲ್ಲಿ ಅನುಮತಿಯಿಲ್ಲದೆ ಏನನ್ನೂ ಕೀಳುವಂತಿಲ್ಲ. ಅಲ್ಲಿ ಫೋಟೊಗಷ್ಟೇ ನಿಲ್ಲಿ. ಕಲಿಯಲು ನಿಮ್ಮದೇ ತೋಟ, ಮನೆಯ ಹಿಂದಿನ ಗುಡ್ಡ ಸಾಕು. ಚಾಕು, ಸಣ್ಣ ಸ್ಕೇಲ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಬಟರ್ ಪೇಪರ್, ಖಾಲಿ ಮೊಟ್ಟೆ ಟ್ರೇ, ಪುಸ್ತಕ, ಪೆನ್ಸಿಲ್ ಇಟ್ಟುಕೊಳ್ಳಿ. ಪೆನ್ನಿನ ಶಾಯಿ ಮಳೆಯಲ್ಲಿ ಹರಡುತ್ತದೆ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ: ಒಳಗೆ ಬೆವರಿ, ಮನೆ ಮುಟ್ಟುವಷ್ಟರಲ್ಲಿ ಅಣಬೆ ಲೋಳೆಯಾಗಿರುತ್ತದೆ.

ಕೀಳುವ ಮೊದಲು

ಅಣಬೆ ಇದ್ದಲ್ಲೇ, ಅದರ ಮಟ್ಟಕ್ಕೆ ಕ್ಯಾಮೆರಾ ಇಳಿಸಿ ಪಕ್ಕದಿಂದ ಒಂದು ಫೋಟೊ. ಸುತ್ತಲಿನ ಜಾಗ ಕಾಣುವಂತೆ ಇನ್ನೊಂದು. ಫ್ಲ್ಯಾಶ್ ಬಣ್ಣ ಕೆಡಿಸುತ್ತದೆ, ಹಾಕಬೇಡಿ. ಬಿಸಿಲಿದ್ದರೆ ಕೊಡೆ ಹಿಡಿದು ನೆರಳು ಮಾಡಿ. ಮಣ್ಣಿನಲ್ಲಿ ಹುಟ್ಟಿದ್ದೋ, ಕೊಳೆತ ದಿಮ್ಮಿಯ ಮೇಲೋ, ಸಗಣಿಯಲ್ಲೋ, ಹುತ್ತದ ಮೇಲೋ ಬರೆಯಿರಿ. ಹತ್ತು ಮೀಟರಿನೊಳಗಿನ ದೊಡ್ಡ ಮರಗಳ ಹೆಸರನ್ನೂ ಬರೆಯಿರಿ. ಕೆಲವು ಅಣಬೆಗಳು ನಿರ್ದಿಷ್ಟ ಮರಗಳ ಬೇರಿನ ಜೊತೆಗೇ ಬದುಕುತ್ತವೆ. ಪಶ್ಚಿಮ ಘಟ್ಟದಲ್ಲಿ ಸಾಲುಧೂಪ, ಕಿರಾಲುಭೋಗಿಯಂಥ ಮರಗಳಡಿ ಸಿಗುವ ರುಸುಲಾ, ಅಮನೀಟ ಇಂಥವು. ಮರದ ಹೆಸರಿಲ್ಲದಿದ್ದರೆ ಗುರುತಿನ ದೊಡ್ಡ ಸುಳಿವೊಂದು ಕೈತಪ್ಪುತ್ತದೆ.

ದಂಟು ಹಿಡಿದು ಎಳೆಯಬೇಡಿ. ಬುಡದಿಂದ ಐದು ಸೆಂಟಿಮೀಟರ್ ದೂರದಲ್ಲಿ ಚಾಕುವನ್ನು ಆಳಕ್ಕೆ ಇಳಿಸಿ, ಮಣ್ಣುಸಮೇತ ಮೇಲೆತ್ತಿ. ಮಾರಕ ವಿಷದ ಪ್ರಭೇದಗಳಿರುವ ಅಮನೀಟ ಕುಲದ ಹಲವು ಅಣಬೆಗಳಲ್ಲಿ ಬುಡವನ್ನು ಸುತ್ತಿದ ತೆಳು ಚೀಲವೊಂದು ಮಣ್ಣೊಳಗಿರುತ್ತದೆ. ಎಳೆದರೆ ಅದು ನೆಲದಲ್ಲೇ ಉಳಿಯುತ್ತದೆ. ಹುತ್ತದ ಅಣಬೆಯ ದಂಟಾದರೋ ಬೇರಿನಂತೆ ಸಪೂರವಾಗಿ ಗೆದ್ದಲಿನ ಗೂಡಿನವರೆಗೂ ಇಳಿದಿರುತ್ತದೆ. ಪೂರ್ತಿ ಅಗೆಯಲಾಗದಿದ್ದರೆ ಎಲ್ಲಿ ತುಂಡಾಯಿತೆಂದು ಬರೆದಿಡಿ. ಸಾಧ್ಯವಾದರೆ ಮೊಗ್ಗು, ಅರಳಿದ್ದು, ಮಾಗಿದ್ದು ಮೂರೂ ಹಂತದ್ದನ್ನು ತೆಗೆದುಕೊಂಡು, ಉಳಿದದ್ದನ್ನು ಬಿಡಿ.

ಈಗ ಸ್ಕೇಲ್ ಪಕ್ಕದಲ್ಲಿಟ್ಟು ಕಿವಿರುಗಳ ಫೋಟೊ, ಬುಡಸಮೇತ ಇಡೀ ಅಣಬೆಯ ಫೋಟೊ. ಮತ್ತೆ ಒಂದನ್ನು ಟೋಪಿಯಿಂದ ಬುಡದವರೆಗೆ ಉದ್ದಕ್ಕೆ ಸೀಳಿ. ಕಿವಿರು ದಂಟಿಗೆ ತಾಗಿದೆಯೇ, ತಾಗದೆ ನಿಂತಿದೆಯೇ, ದಂಟಿನ ಮೇಲೆ ಇಳಿದಿದೆಯೇ ಎಂಬುದು ಸೀಳಿದಾಗಲೇ ಸ್ಪಷ್ಟ. ಸೀಳಿದ ಜಾಗವನ್ನು ಐದು ನಿಮಿಷ ಗಮನಿಸಿ: ಬೊಲೀಟ್ ಗುಂಪಿನ ಕೆಲವು ನೀಲಿಯಾಗುತ್ತವೆ, ಲ್ಯಾಕ್ಟೇರಿಯಸ್‌ಗಳು ಹಾಲು ಸೂಸುತ್ತವೆ. ವಾಸನೆ, ಅಂಟು, ಅಳತೆ, ಬಣ್ಣ ಅಲ್ಲೇ ಬರೆಯಿರಿ. ಒಣಗಿದ ಮೇಲೆ ಇವು ಯಾವುವೂ ಉಳಿಯುವುದಿಲ್ಲ. ಪ್ರತಿ ಸಂಗ್ರಹಕ್ಕೂ ಒಂದೇ ಸಂಖ್ಯೆ, ಅದೇ ಫೋಟೊದಲ್ಲಿ, ಪುಸ್ತಕದಲ್ಲಿ, ಪೊಟ್ಟಣದಲ್ಲಿ.

ಸ್ಪೋರ್ ಪ್ರಿಂಟ್

ಟೋಪಿಯಿಂದ ಉದುರಿದ ಬೀಜಕಣಗಳ ಅಚ್ಚು ಇದು. ಇದನ್ನು ಬಿಟ್ಟವರೇ ಹೆಚ್ಚು, ಬಿಡಬಾರದ್ದೂ ಇದೇ. ಅರಳಿದ ಟೋಪಿಯ ದಂಟು ಕತ್ತರಿಸಿ, ಕಿವಿರು ಕೆಳಗಾಗಿ ಅಲ್ಯೂಮಿನಿಯಂ ಫಾಯಿಲ್ ಅಥವಾ ಗಾಜಿನ ಮೇಲಿಡಿ. ಟೋಪಿ ಸ್ವಲ್ಪ ಒಣಗಿದಂತಿದ್ದರೆ ಮೇಲೆ ಒಂದು ಹನಿ ನೀರು. ಲೋಟ ಕವುಚಿ ಮುಚ್ಚಿ, ನಾಲ್ಕರಿಂದ ಹನ್ನೆರಡು ಗಂಟೆ ಅಲುಗಿಸಬೇಡಿ. ಬರೀ ಬಿಳಿ ಕಾಗದ ಹಾಕಿದರೆ ಬಿಳಿ ಬೀಜಕಣ ಕಾಣುವುದಿಲ್ಲ. ಉದುರಿದ್ದನ್ನು ಬ್ಲೇಡಿನಿಂದ ಒಂದೆಡೆ ಗುಡ್ಡೆ ಮಾಡಿ, ಹಗಲಿನ ಬೆಳಕಲ್ಲಿ ಬಣ್ಣ ನೋಡಿ. ತೆಳು ಪದರದಲ್ಲಿ ತಿಳಿಗುಲಾಬಿಯೂ ಬಿಳಿಯಂತೆ ಮೋಸ ಮಾಡುತ್ತದೆ.

ಏನೂ ಉದುರದಿದ್ದರೆ ಟೋಪಿ ತೀರಾ ಎಳೆಯದಿರಬಹುದು, ಇಲ್ಲವೇ ಮಳೆನೀರು ಕುಡಿದು ಕೊಳೆಯುತ್ತಿರಬಹುದು. ಅಚ್ಚು ಕಲಸಿದಂತಿದ್ದರೆ ಒಳಗೆ ಹುಳುಗಳಿವೆ. ಇನ್ನೊಂದು ಟೋಪಿ ಇಡಿ.

ಈ ಬಣ್ಣಕ್ಕೆ ಎಷ್ಟು ಬೆಲೆಯೆಂದರೆ, ಹುತ್ತದ ಅಣಬೆಯದು ಗುಲಾಬಿ ಛಾಯೆ, ಅಮನೀಟದ್ದು ಬಿಳಿ. ಬೆಂಗಳೂರಿನ ಹುಲ್ಲುಹಾಸುಗಳಲ್ಲೂ ಏಳುವ ಕ್ಲೋರೊಫಿಲಮ್ ಮಾಲಿಬ್ಡೈಟಿಸ್‌ನ ಕಿವಿರು ಎಳೆಯದರಲ್ಲಿ ಬಿಳಿ, ಬೀಜಕಣ ಮಾತ್ರ ಹಸಿರು. ತಿಂದವರಿಗೆ ವಾಂತಿ, ಭೇದಿ. ಹಾಗೆಂದು ಬಣ್ಣವೊಂದನ್ನೇ ನಂಬಿ ಯಾವುದನ್ನೂ ಬಾಯಿಗಿಡಬೇಡಿ. ಬೆಳ್ಳಿ ಚಮಚ ಕಪ್ಪಾದರೆ ವಿಷ ಎಂಬ ಪರೀಕ್ಷೆಯಂತೂ ಶುದ್ಧ ಸುಳ್ಳು.

ಒಣಗಿಸಿ ಇಡುವುದು

ಆಷಾಢದಲ್ಲಿ ಬಿಸಿಲು ನಂಬಿದರೆ ಬೂಷ್ಟು ಗ್ಯಾರಂಟಿ. ಹಣ್ಣು ಒಣಗಿಸುವ ಡಿಹೈಡ್ರೇಟರ್‌ನಲ್ಲಿ 40ರಿಂದ 45 ಡಿಗ್ರಿ ಸೆಲ್ಸಿಯಸ್ ಇರಲಿ; ಹೆಚ್ಚಾದರೆ ಅಣಬೆ ಬೇಯುತ್ತದೆ, ಡಿಎನ್‌ಎ ಹಾಳಾಗುತ್ತದೆ. ದಪ್ಪ ಅಣಬೆಗಳನ್ನು ಸೀಳಿ ಹಾಕಿ. ಹಪ್ಪಳದಂತೆ ಪಟ್ಟೆಂದು ಮುರಿಯುವವರೆಗೆ ಒಣಗಬೇಕು. ಬಾಗಿದರೆ ಇನ್ನೂ ತೇವವಿದೆ. ಕೂಡಲೇ ಸಿಲಿಕಾ ಜೆಲ್ ಜೊತೆ ಜಿಪ್ ಚೀಲಕ್ಕೆ ಹಾಕಿ, ಹುಳು ಸಾಯಲು ಒಂದು ವಾರ ಫ್ರೀಜರಿನಲ್ಲಿಡಿ. ಹೊರತೆಗೆದಾಗ ಚೀಲ ಕೋಣೆಯ ಶಾಖಕ್ಕೆ ಬರುವ ಮುನ್ನ ಬಿಚ್ಚಿದರೆ ಒಳಗೆ ತೇವ ಕೂರುತ್ತದೆ.

ಹೆಸರಿಡುವಾಗ ಆತುರ ಬೇಡ. ಫೋಟೊ ಹಾಕಿದರೆ ಹೆಸರು ಹೇಳುವ ಐನ್ಯಾಚುರಲಿಸ್ಟ್‌ನಂಥ ಆ್ಯಪ್‌ಗಳು ಯುರೋಪಿನ ಪ್ರಭೇದದ ಹೆಸರನ್ನು ನಮ್ಮ ಕಾಡಿನ ಅಣಬೆಗೆ ಸೂಚಿಸುವುದುಂಟು. ಸೂಕ್ಷ್ಮದರ್ಶಕದಲ್ಲಿ ನೋಡದೆ ಖಾತ್ರಿಯಾಗದಿದ್ದರೆ ಕುಲದ ಹೆಸರಿಗೇ ನಿಲ್ಲಿಸಿ. ಊರಿನ ಹೆಸರನ್ನು ತಪ್ಪದೆ ಸೇರಿಸಿ: ಕರಾವಳಿಯಲ್ಲಿ ಮೊದಲ ಮಳೆಗೆ ನೆಲ ಕೆದಕಿ ತೆಗೆಯುವ ಕಲ್ಲಣಬೆ ಎಲ್ಲಿ, ಯಾವಾಗ ಏಳುತ್ತದೆಂದು ಹಿರಿಯರಿಗೆ ಗೊತ್ತು. ಆದರೆ ತಿನ್ನುವ ಅಣಬೆಯ ನಿಖರ ಜಾಗವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಅಪರೂಪದ್ದೆನಿಸಿದರೆ ಪುಣೆಯ ಅಘರ್ಕರ್ ಸಂಶೋಧನಾ ಸಂಸ್ಥೆಯಲ್ಲಿರುವ ಅಜ್ರೇಕರ್ ಶಿಲೀಂಧ್ರ ಸಂಗ್ರಹಾಲಯದವರಿಗೆ ಮೊದಲು ಬರೆದು ಕೇಳಿ. ಒಪ್ಪಿದರೆ ಒಣ ಮಾದರಿ, ಸ್ಪೋರ್ ಪ್ರಿಂಟ್, ಟಿಪ್ಪಣಿಯ ಪ್ರತಿ ಮೂರನ್ನೂ ಒಂದೇ ಸಂಖ್ಯೆಯಡಿ ಕಳಿಸಿ.